ಇಂಗ್ಲೆಂಡಿನಲ್ಲಿ ಅಪ್ಪನಿಗೆ ಮೂತ್ರ ಕಟ್ಟಿಕೊಂಡರೆ

ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ದೊಡ್ಡದಾಗಿರುವ ಗಂಡಸರಿಗೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿಕೊಳ್ಳುತ್ತದೆ. ಹೋಗಲೇಬೇಕು ಅನ್ನಿಸುತ್ತದೆ, ಒಂದು ಹನಿಯೂ ಬರುವುದಿಲ್ಲ. ಕಿಬ್ಬೊಟ್ಟೆ ಉಬ್ಬಿ ತುಂಬಾ ನೋಯುತ್ತದೆ. ಊರಿಂದ ಬಂದ ಅಪ್ಪನೋ ಮಾವನೋ ಇದನ್ನು ಬೇಗ ಬಾಯಿಬಿಡುವುದಿಲ್ಲ. ಸೊಸೆಯ ಮುಂದೆ ಹೇಗೆ ಹೇಳೋದು ಅನ್ನುವ ಸಂಕೋಚ. ಪದೇಪದೇ ಬಾತ್‌ರೂಮಿಗೆ ಹೋಗಿ ಬರುತ್ತಿದ್ದರೆ ನೀವೇ ಕೇಳಿಬಿಡಿ.

ಇದಕ್ಕೆ ಜಿಪಿಯ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರರ, ಅಪಾಯಿಂಟ್‌ಮೆಂಟ್ ಕಾಯಬಾರದು. ನೇರ ಎ ಅಂಡ್ ಇಗೆ, ಅಂದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನೀರು ಕುಡಿದರೆ ಬರುತ್ತದೆ ಎಂದು ಕುಡಿಸಬೇಡಿ, ನೋವು ಜಾಸ್ತಿ ಆಗುತ್ತದೆ ಅಷ್ಟೇ. ರಿಸೆಪ್ಶನ್‌ನಲ್ಲಿ ಸುಮ್ನೆ ಹೊಟ್ಟೆನೋವು ಅನ್ನಬೇಡಿ. ಎಷ್ಟು ಹೊತ್ತಿನಿಂದ ಮೂತ್ರ ಹೋಗಿಲ್ಲ ಎಂದು ಹೇಳಿ. ಕಾಲಿನಲ್ಲಿ ಶಕ್ತಿ ಇಲ್ಲ, ಕೂರುವ ಜಾಗ ಜೋಮು ಹಿಡಿದಿದೆ ಅಂದರೆ ಅದನ್ನೂ ತಪ್ಪದೆ ಹೇಳಿ, ಅದು ಬೆನ್ನುಹುರಿಯ ತೊಂದರೆ ಇರಬಹುದು. ಹೊಟ್ಟೆಯ ಮೇಲೆ ಸ್ಕ್ಯಾನರ್ ಇಟ್ಟು ನೋಡಿ ಕ್ಯಾತಿಟರ್ (ಮೂತ್ರ ಹೊರಗೆ ಬಿಡುವ ಸಣ್ಣ ಕೊಳವೆ) ಹಾಕುತ್ತಾರೆ. ಕೆಲವೇ ನಿಮಿಷದಲ್ಲಿ ಜೀವ ಬಂದಂತಾಗುತ್ತದೆ. ಕನ್ನಡ ಮಾತ್ರ ಬರುವವರಿಗೆ ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೆ ದುಡ್ಡಿಲ್ಲ.

ಯಾವ ಮಾತ್ರೆ ತಗೊಂಡಿದ್ದಾರೆ ಎಂದು ಕೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಸುಡಾಫೆಡ್, ಪಿರಿಟಾನ್‌ನಂಥ ನೆಗಡಿ, ಅಲರ್ಜಿ ಮಾತ್ರೆಗಳಿಂದಲೂ ಹೀಗಾಗುತ್ತದೆ. ಮಲಬದ್ಧತೆಯಿಂದಲೂ ಆಗಬಹುದು. ಊರಿನ ಪ್ರಾಸ್ಟೇಟ್ ಮಾತ್ರೆ ಯೂರಿಮ್ಯಾಕ್ಸ್ ಹೆಸರು ಇಲ್ಲಿಯವರಿಗೆ ಗೊತ್ತಿರುವುದಿಲ್ಲ, ಅದರಲ್ಲಿರುವ ಔಷಧಿಯ ಹೆಸರು ಟ್ಯಾಮ್‌ಸುಲೋಸಿನ್ ಅನ್ನಿ.

ಇನ್ನು ದುಡ್ಡಿನ ಮಾತು. ಬಿಲ್ಲಿಗೆ ಹೆದರಿ ಬೆಳಗಿನವರೆಗೆ ತಡೆದುಕೊಳ್ಳುವವರಿದ್ದಾರೆ. ಅದು ಬೇಡವೇ ಬೇಡ. ಎ ಅಂಡ್ ಇಯ ಒಳಗೆ ಕೊಡುವ ಚಿಕಿತ್ಸೆ ವಿಸಿಟರ್ ವೀಸಾದಲ್ಲಿ ಬಂದವರಿಗೂ ಉಚಿತ. ವಾರ್ಡಿಗೆ ಸೇರಿಸಿದರೆ, ಆಮೇಲೆ ಆಸ್ಪತ್ರೆಯ ಕ್ಲಿನಿಕ್ಕಿಗೆ ಕರೆದರೆ ಮಾತ್ರ ಬಿಲ್ ಬರುತ್ತದೆ, ಅದೂ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ದರದ 150%. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ನಿಲ್ಲಿಸುವುದಿಲ್ಲ. ಆದರೆ 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡರೆ ಮುಂದಿನ ವೀಸಾಕ್ಕೆ ತೊಡಕು. ಕಂತಿನಲ್ಲಿ ಕಟ್ಟಲು ಕೇಳಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಪ್ರಾಸ್ಟೇಟ್ ವಿಷಯ ಮುಚ್ಚಿಟ್ಟಿದ್ದರೆ ಕ್ಲೇಮ್ ಸಿಗುವುದು ಕಷ್ಟ. ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿ ಇಲ್ಲೇ ಇರುವವರಿಗೆ ಈ ತಲೆಬಿಸಿ ಇಲ್ಲ.

ಎಷ್ಟೋ ಜನರನ್ನು ಕ್ಯಾತಿಟರ್ ಸಮೇತ ಮನೆಗೆ ಕಳಿಸುತ್ತಾರೆ. ಗಾಬರಿ ಬೇಡ, ಇಲ್ಲಿ ಅದು ಮಾಮೂಲು. ಹಗಲು ಕಾಲಿಗೆ ಕಟ್ಟುವ ಚೀಲ, ರಾತ್ರಿಗೆ ದೊಡ್ಡದು. ಎರಡೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಲುಂಗಿ ಉಟ್ಟರೆ ಅರ್ಧ ಕಷ್ಟ ಕಡಿಮೆ. ಮೂತ್ರ ಇಳಿಯುವುದು ನಿಂತರೆ ಮೊದಲು ಕೊಳವೆ ಮಡಚಿಕೊಂಡಿದೆಯಾ ನೋಡಿ. ಇಲ್ಲವಾದರೆ ಆಸ್ಪತ್ರೆ ಕೊಟ್ಟ ನಂಬರಿಗೆ, ಅಥವಾ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಜ್ವರ, ನಡುಕ ಬಂದರೂ ಅಷ್ಟೇ.

ಟ್ಯಾಮ್‌ಸುಲೋಸಿನ್ ಥರದ ಮಾತ್ರೆ ಶುರು ಮಾಡಿ, ಕೆಲವು ದಿನ ಬಿಟ್ಟು ಕ್ಯಾತಿಟರ್ ತೆಗೆದು ನೋಡುತ್ತಾರೆ. ಇದನ್ನು ಟ್ವಾಕ್ ಅನ್ನುತ್ತಾರೆ. ನೀರು ಕುಡಿಸಿ, ಮೂತ್ರ ಹೋದ ಮೇಲೆ ಸ್ಕ್ಯಾನ್ ಮಾಡುತ್ತಾರೆ. ಅರ್ಧ ದಿನವಾದರೂ ಬೇಕು, ಜೊತೆಗೆ ಹೋಗುವವರು ರಜೆ ಹಾಕಿ. ಬರದಿದ್ದರೆ ಮತ್ತೆ ಕ್ಯಾತಿಟರ್, ಆಮೇಲೆ ಆಪರೇಷನ್ ಮಾತು. ಅಷ್ಟರಲ್ಲಿ ವಾಪಸ್ ಟಿಕೆಟ್ ಹತ್ತಿರ ಬಂದಿದ್ದರೆ ಡಿಸ್ಚಾರ್ಜ್ ಪತ್ರ ಕೇಳಿ ಪಡೆಯಿರಿ. ಕ್ಯಾತಿಟರ್ ಹಾಕಿದ ದಿನ, ಆಗ ಎಷ್ಟು ಮೂತ್ರ ಹೋಯಿತು, ಕಿಡ್ನಿ ರಕ್ತಪರೀಕ್ಷೆ ಎಲ್ಲಾ ಅದರಲ್ಲಿದ್ದರೆ ಊರಿನ ಯೂರಾಲಜಿಸ್ಟ್ ಅಲ್ಲಿಂದಲೇ ಮುಂದುವರಿಸಬಹುದು.