ಹಳೇ ಜಪಾನಿ ಸಿನಿಮಾಗಳ ಸ್ಪೆಷಲ್ ಎಡಿಷನ್ ಡಿಸ್ಕ್: ದುಡ್ಡು ಹಾಕೋ ಮುಂಚೆ ಏನೇನು ನೋಡ್ಬೇಕು

ಕುರೊಸಾವ, ಓಜು, ಮಿಜೊಗುಚಿ ಅನ್ನೋ ಜಪಾನಿನ ಹಳೇ ನಿರ್ದೇಶಕರ ಸಿನಿಮಾಗಳನ್ನ ಡಿಸ್ಕಲ್ಲೇ ಇಟ್ಕೋಬೇಕು ಅಂತ ಆಸೆ ಹುಟ್ಟಿದವರಿಗೆ ಮೊದಲು ಆಗೋ ಗೊಂದಲ ಏನಂದ್ರೆ ಒಂದೊಂದು ಸಿನಿಮಾಗೂ ನಾಲ್ಕೈದು ಎಡಿಷನ್ ಇರತ್ತೆ, ಅಮೆರಿಕದ್ದು ಬೇರೆ, ಇಂಗ್ಲೆಂಡಿಂದು ಬೇರೆ, ಜಪಾನಿಂದು ಬೇರೆ, ಅದರೊಳಗೂ ಹಳೇ ಡಿವಿಡಿ, ಬ್ಲೂ-ರೇ, 4ಕೆ ಅಂತ ಮತ್ತೆ ಕವಲು. ಸುಮಾರು ಜನ ಬಾಕ್ಸ್ ಚೆಂದ ಇದೆ ಅಂತಲೋ ಕಮ್ಮಿಗೆ ಸಿಗ್ತಿದೆ ಅಂತಲೋ ಆರ್ಡರ್ ಮಾಡಿಬಿಡ್ತಾರೆ. ನಾನು ಹೇಳೋದು ಉಲ್ಟಾ. ಬಾಕ್ಸನ್ನ ಕೊನೆಗೆ ನೋಡಿ. ಮೊದಲು ನಿಮ್ಮನೆ ಪ್ಲೇಯರಲ್ಲಿ ಓಡತ್ತಾ ನೋಡಿ, ಆಮೇಲೆ ಡಿಸ್ಕಲ್ಲಿ ಪೂರ್ತಿ ಸಿನಿಮಾ ಇದ್ಯಾ, ಅದನ್ನ ಯಾವ ಪ್ರಿಂಟಿಂದ ಮಾಡಿದ್ದಾರೆ ಅಂತ ವಿಚಾರಿಸಿ.

ರೀಜನ್ ವಿಷಯ, ಅಂದ್ರೆ ಯಾವ ದೇಶದ ಡಿಸ್ಕು ಯಾವ ದೇಶದ ಪ್ಲೇಯರಲ್ಲಿ ಓಡತ್ತೆ ಅನ್ನೋ ಲಾಕು, ಬೋರಿಂಗು, ಆದ್ರೆ ಇದು ಗೊತ್ತಿಲ್ದೇ ಮುಂದೆ ಹೋಗೋ ಹಾಗೇ ಇಲ್ಲ. ಬ್ಲೂ-ರೇಗೆ ಎ, ಬಿ, ಸಿ ಅಂತ ಮೂರು ರೀಜನ್. ಅಮೆರಿಕ ಮತ್ತು ಜಪಾನ್ ಎರಡೂ ಎ, ಇಂಗ್ಲೆಂಡ್ ಮತ್ತೆ ಯೂರೋಪಿನ ಬಹುಪಾಲು ಬಿ, ನಮ್ಮ ಇಂಡಿಯಾ ಸಿ. ಅಂದ್ರೆ ಜಪಾನಿ ಕ್ಲಾಸಿಕ್ ಚೆನ್ನಾಗಿ ಸಿಗೋ ಮೂರೂ ದೇಶದ ಲಾಕ್ ಇರೋ ಡಿಸ್ಕು ಇಲ್ಲಿ ಅಂಗಡೀಲಿ ತಗೊಂಡ ಮಾಮೂಲಿ ಪ್ಲೇಯರಲ್ಲಿ ಓಡಲ್ಲ. ಡಿವಿಡಿ ಲೆಕ್ಕ ಬೇರೆ, ಅಲ್ಲಿ ಅಮೆರಿಕ 1, ಜಪಾನ್ ಮತ್ತು ಇಂಗ್ಲೆಂಡ್ 2, ನಾವು 5. ಒಂದೇ ಸಮಾಧಾನ ಏನು ಅಂದ್ರೆ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ರೀಜನ್ ಲಾಕ್ ಇಲ್ಲ, ಎಲ್ಲಿಂದ ತರಿಸಿದ್ರೂ 4ಕೆ ಪ್ಲೇಯರಲ್ಲಿ ಓಡತ್ತೆ. ಆದ್ರೆ ಅದೇ ಪ್ಯಾಕಲ್ಲಿ ಬರೋ ಬ್ಲೂ-ರೇ ಡಿಸ್ಕಿಗೆ ಲಾಕ್ ಇರಬಹುದು, ಮತ್ತೆ ಸ್ಪೆಷಲ್ ಫೀಚರ್ಸ್ (ಕಾಮೆಂಟರಿ, ಸಂದರ್ಶನ ತರದ ಎಕ್ಸ್‌ಟ್ರಾಸ್) ಎಲ್ಲಾ ಸಾಮಾನ್ಯವಾಗಿ ಆ ಬ್ಲೂ-ರೇನಲ್ಲೇ ಕೂತಿರತ್ತೆ, ಸಿನಿಮಾ ಓಡತ್ತೆ ಎಕ್ಸ್‌ಟ್ರಾಸ್ ಓಡಲ್ಲ ಅನ್ನೋ ಪರಿಸ್ಥಿತಿ.

ಹಾಗಾಗಿ ಕಲೆಕ್ಷನ್ ಶುರು ಮಾಡೋ ಮುಂಚೆ ದುಡ್ಡು ಹಾಕ್ಬೇಕಾಗಿರೋದು ರೀಜನ್-ಫ್ರೀ ಪ್ಲೇಯರಿಗೆ. ತಗೊಳ್ಳೋವಾಗ ಬ್ಲೂ-ರೇ ಎ, ಬಿ, ಸಿ ಮೂರೂ ಓಡತ್ತಾ, ಡಿವಿಡಿ ಎಲ್ಲಾ ರೀಜನ್ ಓಡತ್ತಾ ಅಂತ ಬೇರೆಬೇರೆಯಾಗಿ ಕೇಳಿ, ಯಾಕಂದ್ರೆ ಮಲ್ಟಿ-ರೀಜನ್ ಅಂತ ಬರ್ದಿರೋ ಎಷ್ಟೋ ಪ್ಲೇಯರ್‌ಗಳು ಡಿವಿಡಿಗೆ ಮಾತ್ರ ಮಲ್ಟಿ-ರೀಜನ್. ಅಮೆರಿಕದಲ್ಲಿರೋ ಅಣ್ಣನೋ ಜಪಾನಲ್ಲಿ ಕೆಲಸ ಮಾಡ್ತಿರೋ ಫ್ರೆಂಡೋ ಅಲ್ಲಿಂದ ಪ್ಲೇಯರ್ ತಂದುಕೊಡ್ತೀನಿ ಅಂದ್ರೆ ಹಿಂದಿರೋ ಸ್ಟಿಕ್ಕರ್ ಫೋಟೋ ತರಿಸ್ಕೊಳ್ಳಿ. 100-240 ವೋಲ್ಟ್ ಅಂತ ಇದ್ರೆ ಸರಿ. ಬರೀ 100 ಅಥವಾ 120 ಇದ್ದು ನಮ್ಮ 230ಕ್ಕೆ ನೇರ ಚುಚ್ಚಿದ್ರೆ ಅಲ್ಲಿಗೆ ಮುಗೀತು.

ಇನ್ನು ಯಾರು ಏನು ಬಿಡ್ತಾರೆ. ಅಮೆರಿಕದ ಕ್ರೈಟೀರಿಯನ್ ಎಲ್ಲರಿಗೂ ಗೊತ್ತು, 1984ರಲ್ಲಿ ಲೇಸರ್‌ಡಿಸ್ಕಿಂದ (ಡಿವಿಡಿಗೂ ಮುಂಚಿನ ದೊಡ್ಡ ಡಿಸ್ಕು) ಶುರುವಾದ ಕಂಪನಿ, ಪ್ರತಿ ಟೈಟಲ್ಲಿಗೂ ಕೇಸಿನ ಬೆನ್ನಿನ ಮೇಲೆ ನಂಬರ್ ಹಾಕ್ತಾರೆ, ಡಿವಿಡಿ ಶುರು ಮಾಡಿದಾಗ 2ನೇ ನಂಬರೇ ಕುರೊಸಾವ ಅವರ ಸೆವೆನ್ ಸಮುರಾಯ್. 1000ನೇ ನಂಬರಿಗೆ ಬಂದಾಗ 2019ರಲ್ಲಿ 1954ರಿಂದ 1975ರವರೆಗಿನ 15 ಗಾಡ್ಜಿಲ್ಲಾ ಸಿನಿಮಾಗಳ ದೊಡ್ಡ ಬಾಕ್ಸ್ ಬಿಟ್ರು. ಈ ನಂಬರ್ ಇದೆಯಲ್ಲ, ಅದು ಕಲೆಕ್ಟರ್‌ಗಳಿಗೆ ಹಿಡಿಸೋ ಹುಚ್ಚು, ಸಾಲಾಗಿ ಜೋಡಿಸಬೇಕು ಅನ್ನಿಸತ್ತೆ, ಮಧ್ಯದಲ್ಲಿ ಒಂದು ಇಲ್ದಿದ್ರೆ ನಿದ್ದೆ ಬರಲ್ಲ. ಆ ಹುಚ್ಚಿಗೆ ಬೀಳಬೇಡಿ, ಜೇಬಿಗೆ ಒಳ್ಳೇದಲ್ಲ. ಅವರದ್ದೇ ಎಕ್ಲಿಪ್ಸ್ ಅಂತ ಒಂದು ಡಿವಿಡಿ ಸೀರೀಸ್ ಇದೆ, 2007ರಲ್ಲಿ ಶುರುವಾಗಿದ್ದು, ಎಕ್ಸ್‌ಟ್ರಾಸ್ ಏನೂ ಇಲ್ಲ, ತೆಳ್ಳಗಿನ ಕೇಸುಗಳು, ಆದ್ರೆ ಬೇರೆ ಕಡೆ ಸುಲಭಕ್ಕೆ ಸಿಗದ ಸಿನಿಮಾಗಳು ಅಲ್ಲಿವೆ. ಓಜು ಅವರ ಮೂಕಿ ಸಿನಿಮಾಗಳು, ನಿರ್ದೇಶಕ ನರುಸೆ ಅವರ ಮೂಕಿಗಳು, ಯುದ್ಧ ಮುಗಿದ ಮೇಲೆ ಕುರೊಸಾವ ಮಾಡಿದ ಐದು ಸಿನಿಮಾಗಳು. ಸೆಕೆಂಡ್ ಹ್ಯಾಂಡಲ್ಲಿ ಎಕ್ಲಿಪ್ಸ್ ಬಾಕ್ಸ್ ನ್ಯಾಯವಾದ ರೇಟಿಗೆ ಕಂಡ್ರೆ ಬಿಡಬೇಡಿ.

ಇಂಗ್ಲೆಂಡ್ ಕಡೆ ಬಿಎಫ್‌ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) ಇದೆ, ಯುರೇಕಾದವರ ಮಾಸ್ಟರ್ಸ್ ಆಫ್ ಸಿನಿಮಾ ಇದೆ, ಯಾಕೂಜಾ (ಜಪಾನಿನ ರೌಡಿ ಗ್ಯಾಂಗ್) ಮತ್ತು ಮಾನ್‌ಸ್ಟರ್ ಸಿನಿಮಾಗಳಿಗೆ ಆ್ಯರೋ ಇದೆ, 2020ರಲ್ಲಿ ಅವರು ಬಿಟ್ಟ ಗಮೇರಾ (ದೈತ್ಯ ಆಮೆ ಮಾನ್‌ಸ್ಟರ್) ಬಾಕ್ಸ್ ನೋಡಿದ್ರೆ ಹಣ ಎಲ್ಲಿ ಹೋಯ್ತು ಅಂತ ಗೊತ್ತಾಗತ್ತೆ. ಇತ್ತೀಚಿನ ಲೇಬಲ್ ರೇಡಿಯನ್ಸ್, ಇವರು ಜಪಾನಿ ಶೈಲೀಲಿ ಕೇಸಿನ ಬೆನ್ನಿಗೆ ಓಬಿ ಅನ್ನೋ ಕಾಗದದ ಪಟ್ಟಿ ಸುತ್ತಿ, ಎಷ್ಟೋ ಟೈಟಲ್ಲುಗಳನ್ನ 3000 ಕಾಪಿಗೆ ಲಿಮಿಟ್ ಮಾಡಿ ಬಿಡ್ತಾರೆ, ಹೊರಗಡೆ ಯಾರೂ ಮುಟ್ಟದ 60ರ ದಶಕದ ಜಪಾನಿ ಸಿನಿಮಾಗಳು ಇವರತ್ರ ಬರ್ತಿವೆ. ಒಂದು ಎಚ್ಚರ: ಕ್ರೈಟೀರಿಯನ್ 2016ರಿಂದ ಇಂಗ್ಲೆಂಡಲ್ಲೂ ಡಿಸ್ಕ್ ಬಿಡ್ತಿದೆ, ಕವರ್ ಹೆಚ್ಚುಕಮ್ಮಿ ಅದೇ, ಆದ್ರೆ ರೀಜನ್ ಬಿ. ಮುಂದಿನ ಚಿತ್ರ ನೋಡಿ ಆರ್ಡರ್ ಮಾಡಬೇಡಿ, ಹಿಂಭಾಗದ ಫೋಟೋ ಕೇಳಿ.

ಜಪಾನಿನವರೇ ಬಿಡೋ ಡಿಸ್ಕುಗಳು, ಅಂದ್ರೆ ತೋಹೊ, ಶೋಚಿಕು, ಕದೊಕಾವಾ ಇವರದ್ದು, ನೋಡೋಕೆ ರಾಜಗಾಂಭೀರ್ಯ, ಬೆಲೆಯೂ ಹಾಗೇ. ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಬಹಳಷ್ಟರಲ್ಲಿ ಇರಲ್ಲ. ಜಪಾನಿ ಭಾಷೆ ಬರಲ್ಲ ಅಂದ್ರೆ ಅದು ಶೋಕೇಸಿಗೆ ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರೋಣ, ಸಿನಿಮಾ ಪೂರ್ತಿ ಇದ್ಯಾ ಅನ್ನೋದು. ನಿರ್ದೇಶಕ ಕೊಬಾಯಾಶಿ ಅವರ ಕ್ವೈದಾನ್ ತಗೊಳ್ಳಿ, ನಾಲ್ಕು ದೆವ್ವದ ಕಥೆಗಳ ಸಿನಿಮಾ, 1965ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಸ್ಪೆಷಲ್ ಪ್ರೈಜ್ ತಗೊಂಡಿದ್ದು. ಕ್ರೈಟೀರಿಯನ್ನವರ ಹಳೇ ಡಿವಿಡೀಲಿ ಇದು 161 ನಿಮಿಷ. ಮೂಲ ಜಪಾನಿ ಕಟ್ 183 ನಿಮಿಷ. ಇಪ್ಪತ್ತೆರಡು ನಿಮಿಷ ಹೋಗಿದೆ ಸ್ವಾಮಿ, ಅದೂ ಇಷ್ಟು ನಿಧಾನಕ್ಕೆ ಉಸಿರಾಡೋ ಸಿನಿಮಾದಲ್ಲಿ. 2015ರ ಕ್ರೈಟೀರಿಯನ್ ಬ್ಲೂ-ರೇನಲ್ಲಿ 183 ನಿಮಿಷದ ಕಟ್ ಬಂತು, 2020ರ ಯುರೇಕಾ ಎಡಿಷನ್ನಲ್ಲೂ ಅದೇ ಇದೆ. ಹಳೇ ಡಿವಿಡಿ, 2015ರ ಬ್ಲೂ-ರೇ ಎರಡೂ ಕ್ರೈಟೀರಿಯನ್ನೇ, ಎರಡಕ್ಕೂ ಒಂದೇ ನಂಬರು, ಸೆಕೆಂಡ್ ಹ್ಯಾಂಡ್ ಸೈಟಲ್ಲಿ ಹಳೇದು ಕಮ್ಮಿಗೆ ಕೂತಿರತ್ತೆ. ಹಾಗಾಗಿ ಯಾವ ಡಿಸ್ಕೇ ಆಗಲಿ ಹಿಂದಿನ ಕವರಲ್ಲಿ ಕೆಳಗೆ ಚಿಕ್ಕ ಅಕ್ಷರದಲ್ಲಿ ರನ್‌ಟೈಮ್ ಇರತ್ತಲ್ಲ, ಅದನ್ನ ಝೂಮ್ ಮಾಡಿ ಓದಿ, ಆಮೇಲೆ ಸಿನಿಮಾದ ಮೂಲ ಉದ್ದಕ್ಕೆ ಹೋಲಿಸಿ.

ಹೋಲಿಸೋವಾಗ ಒಂದು ಲೆಕ್ಕ ನೆನಪಿರಲಿ. ಇಂಗ್ಲೆಂಡಿನ ಹಳೇ ಡಿವಿಡಿಗಳು ಪಾಲ್ ಅನ್ನೋ ಟಿವಿ ಫಾರ್ಮ್ಯಾಟು, ಸೆಕೆಂಡಿಗೆ 24 ಫ್ರೇಮ್ ಬದಲು 25 ಓಡತ್ತೆ, ಹಾಗಾಗಿ 207 ನಿಮಿಷದ ಸೆವೆನ್ ಸಮುರಾಯ್ ಅದರಲ್ಲಿ 199ರ ಹತ್ರ ತೋರಿಸತ್ತೆ. ಅದು ಕಟ್ ಆಗಿದ್ದಲ್ಲ, ಸ್ಪೀಡಾಗಿದ್ದು. ಶೇಕಡಾ ನಾಲ್ಕರಷ್ಟು ಕಮ್ಮಿ ಇದ್ರೆ ಪಾಲ್, ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಕತ್ತರಿ ಬಿದ್ದಿದೆ ಅಂತ ಅನುಮಾನ ಪಡಿ. ಗಾಡ್ಜಿಲ್ಲಾ ಕಥೆ ಇನ್ನೊಂದು ತರ, 1954ರ ಜಪಾನಿ ಸಿನಿಮಾಗೆ ಅಮೆರಿಕದವರು ರೇಮಂಡ್ ಬರ್ ಅನ್ನೋ ನಟನ್ನ ತುರುಕಿ 1956ರಲ್ಲಿ ತಮ್ಮದೇ ವರ್ಷನ್ ಮಾಡಿದ್ರು. ಒಳ್ಳೇ ಎಡಿಷನ್ನಲ್ಲಿ ಎರಡೂ ಇರತ್ತೆ, ಅಗ್ಗದ ಡಿಸ್ಕಲ್ಲಿ ಬರೀ ಅಮೆರಿಕದ್ದು ಇದ್ದೀತು, ನೋಡ್ಕೊಳ್ಳಿ.

ಪ್ರಿಂಟ್ ವಿಷಯಕ್ಕೆ ಬಂದ್ರೆ, ಜಪಾನಿ ಕ್ಲಾಸಿಕ್‌ಗಳಲ್ಲಿ ಮೂಲ ನೆಗೆಟಿವ್ ಉಳಿದಿರೋದೇ ಅದೃಷ್ಟ. ಸೆವೆನ್ ಸಮುರಾಯ್‌ದು ಇಲ್ಲ, ಓಜು ಅವರ ಟೋಕಿಯೋ ಸ್ಟೋರಿದೂ ಇಲ್ಲ, ಉಳಿದಿರೋ ಕಾಪಿಗಳಿಂದಲೇ ರಿಸ್ಟೋರ್ ಮಾಡಿರೋದು. ಹಾಗಾಗಿ 4ಕೆ ಅಂತ ಹಾಕಿದಾಕ್ಷಣ ಕಣ್ಣು ಕೋರೈಸೋ ಚಿತ್ರ ಬರತ್ತೆ ಅಂದ್ಕೋಬೇಡಿ, ಗೀರು, ಮಸುಕು, ಅಲುಗಾಟ ಸ್ವಲ್ಪ ಇದ್ದೇ ಇರತ್ತೆ. ಎಲ್ಲಾ ಅಳಿಸಿ ಮುಖಗಳನ್ನ ಮೇಣದ ಬೊಂಬೆ ಮಾಡಿರೋ ಡಿಸ್ಕಿಗಿಂತ ಗ್ರೇನ್ (ಫಿಲ್ಮಿನ ಸಣ್ಣ ಸಣ್ಣ ಕಣ) ಉಳಿಸ್ಕೊಂಡಿರೋದೇ ನನಗಿಷ್ಟ. ರಶೋಮನ್‌ಗೆ 2008ರಲ್ಲಿ ದೊಡ್ಡ ರಿಸ್ಟೋರೇಷನ್ ಆಯ್ತು, ಅದಕ್ಕಿಂತ ಮುಂಚಿನ ಡಿವಿಡಿಗಳು ಈಗ ಕಲೆಕ್ಷನ್ನಿಗೆ ಬೇಡವೇ ಬೇಡ. ಡಿಸ್ಕಿನ ವರ್ಷ ಬೇರೆ, ಒಳಗಿರೋ ರಿಸ್ಟೋರೇಷನ್ ವರ್ಷ ಬೇರೆ. ಹೊಸ ಕವರಲ್ಲಿ ಹಳೇ ಟ್ರಾನ್ಸ್‌ಫರ್ (ಫಿಲ್ಮಿಂದ ಡಿಸ್ಕಿಗೆ ಇಳಿಸಿದ ಕಾಪಿ) ತುಂಬಿ ಮಾರೋರು ಇದ್ದಾರೆ.

ಬಣ್ಣದ ಸಿನಿಮಾ ಆದ್ರೆ ಇನ್ನೂ ಸೂಕ್ಷ್ಮ. ಓಜು ಮೊದಲ ಸಲ ಬಣ್ಣಕ್ಕೆ ಹೋಗಿದ್ದು 1958ರ ಈಕ್ವಿನಾಕ್ಸ್ ಫ್ಲವರ್‌ನಲ್ಲಿ, ಕೆಂಪು ಚೆನ್ನಾಗಿ ಬರತ್ತೆ ಅಂತ ಜರ್ಮನಿಯ ಆಗ್ಫಾ ಫಿಲ್ಮ್ ಆರಿಸ್ಕೊಂಡ್ರು. ಆ ಮನೇಲಿ ನೆಲದ ಮೇಲೆ ಒಂದು ಕೆಂಪು ಕೆಟಲ್ ಇರತ್ತೆ, ಸುತ್ತ ಎಲ್ಲಾ ಕಂದು, ಬೂದು, ಅದೊಂದೇ ಕೆಂಪಗೆ ಕೂತಿರತ್ತೆ, ಕಣ್ಣು ಅಲ್ಲಿಗೇ ಹೋಗತ್ತೆ. ಎರಡು ಎಡಿಷನ್ ಮಧ್ಯೆ ತೀರ್ಮಾನ ಆಗ್ತಿಲ್ಲ ಅಂದ್ರೆ ಆ ಕೆಟಲ್ ಇರೋ ಫ್ರೇಮ್ ಹುಡುಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ರೆ, ಗೋಡೆ ಹಳದಿಗೆ ಹೊಡೆದ್ರೆ, ಗೊತ್ತಾಗಿಬಿಡತ್ತೆ. ಈ ತರ ಸ್ಕ್ರೀನ್‌ಶಾಟ್ ಹೋಲಿಕೆಗೆ ಡಿವಿಡಿ ಬೀವರ್, ಕ್ಯಾಪ್ಸ್-ಎ-ಹಾಲಿಕ್ ಅನ್ನೋ ಸೈಟುಗಳಿವೆ. ಮೊಬೈಲಲ್ಲಿ ನೋಡಬೇಡಿ, ಟಿವಿಗೋ ಲ್ಯಾಪ್‌ಟಾಪಿಗೋ ಹಾಕಿ.

ಸಬ್‌ಟೈಟಲ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಆದ್ರೆ ನಮ್ಮಂಥೋರಿಗೆ ಅರ್ಧ ಸಿನಿಮಾ ಅದೇ. ಕ್ರೈಟೀರಿಯನ್ನವರ ಥ್ರೋನ್ ಆಫ್ ಬ್ಲಡ್‌ನಲ್ಲಿ ಎರಡು ಬೇರೆಬೇರೆ ಇಂಗ್ಲಿಷ್ ಅನುವಾದ ಕೊಟ್ಟಿದ್ದಾರೆ, ಲಿಂಡಾ ಹೋಗ್ಲಂಡ್ ಅವರದ್ದೊಂದು, ಡೊನಾಲ್ಡ್ ರಿಚೀ ಅವರದ್ದೊಂದು. ಒಂದೇ ಸೀನನ್ನ ಎರಡೂ ಹಾಕಿ ನೋಡಿ, ಮಜಾ ಇರತ್ತೆ. ಎಕ್ಸ್‌ಟ್ರಾಸ್ ವಿಚಾರದಲ್ಲಿ ನನ್ನ ರುಚಿ ಇಷ್ಟೇ: ಒಳ್ಳೇ ಕಾಮೆಂಟರಿ ಒಂದು, ಜೊತೆಗೆ ಇನ್ನೊಂದು ಪೂರ್ತಿ ಸಿನಿಮಾ ಸಿಕ್ಕಿದ್ರೆ ಭಾಗ್ಯ. ಓಜು ಅವರ ಗುಡ್ ಮಾರ್ನಿಂಗ್‌ನ 2017ರ ಬ್ಲೂ-ರೇನಲ್ಲಿ ಅವರದ್ದೇ 1932ರ ಮೂಕಿ ಐ ವಾಸ್ ಬಾರ್ನ್, ಬಟ್... ಪೂರ್ತಿ ಇದೆ, ಒಂದರ ದುಡ್ಡಿಗೆ ಎರಡು.

ದೊಡ್ಡ ಬಾಕ್ಸುಗಳ ಬಗ್ಗೆ ಹುಷಾರು. 2009ರಲ್ಲಿ ಕುರೊಸಾವ ಶತಮಾನೋತ್ಸವಕ್ಕೆ ಅಂತ ಎಕೆ 100 ಅನ್ನೋ 25 ಸಿನಿಮಾಗಳ ಸೆಟ್ ಬಂತು, ಈಗ್ಲೂ ಜನ ಅದನ್ನ ಹುಡುಕ್ತಾರೆ. ಅದು ಡಿವಿಡಿ, ಬ್ಲೂ-ರೇ ಅಲ್ಲ, ಮತ್ತೆ ಅದರಲ್ಲಿ ಕುರೊಸಾವ ಅವರದ್ದೇ ರಾನ್ ಇಲ್ಲ. ರಾನ್ ಹಕ್ಕು ಕ್ರೈಟೀರಿಯನ್ ಕೈ ತಪ್ಪಿ ಫ್ರಾನ್ಸಿನ ಸ್ಟುಡಿಯೋಕೆನಾಲ್‌ಗೆ ಹೋಯ್ತು, ಕ್ರೈಟೀರಿಯನ್ ಡಿವಿಡಿ ಔಟ್ ಆಫ್ ಪ್ರಿಂಟ್ ಆಗಿ ರೇಟು ಏರಿತು, ಅನೌನ್ಸ್ ಮಾಡಿದ್ದ ಬ್ಲೂ-ರೇ ಹೊರಗೇ ಬರಲಿಲ್ಲ. ಆಮೇಲೆ ಸ್ಟುಡಿಯೋಕೆನಾಲ್ ರಿಸ್ಟೋರೇಷನ್ನಿಂದ 4ಕೆ ಬಂದಿದೆ, ಹಾಗಾಗಿ ಹಳೇ ಡಿವಿಡಿಗೆ ಈಗ ಯಾರಾದ್ರೂ ಕಣ್ಣು ಬಿಡೋ ರೇಟ್ ಹೇಳಿದ್ರೆ ಕೈಮುಗಿದು ಬನ್ನಿ. ಔಟ್ ಆಫ್ ಪ್ರಿಂಟ್ ಅನ್ನೋದು ಅಪರೂಪ ಅಂತ ಅರ್ಥ ಅಷ್ಟೇ, ಒಳ್ಳೇದು ಅಂತಲ್ಲ.

ಎಲ್ಲಿ ಯಾವಾಗ ತಗೋಬೇಕು ಅಂದ್ರೆ, ಫುಲ್ ರೇಟಿಗೆ ಕ್ರೈಟೀರಿಯನ್ ತಗೊಳ್ಳೋರು ಆತುರದವರು. ಅಮೆರಿಕದಲ್ಲಿ ಬಾರ್ನ್ಸ್ ಅಂಡ್ ನೋಬಲ್ ಅಂಗಡೀಲಿ ಸಾಮಾನ್ಯವಾಗಿ ಜುಲೈ ಮತ್ತು ನವೆಂಬರಲ್ಲಿ ಅರ್ಧ ರೇಟಿನ ಸೇಲ್ ಇರತ್ತೆ, ಕ್ರೈಟೀರಿಯನ್ನವರದ್ದೇ 24 ಗಂಟೆ ಫ್ಲಾಶ್ ಸೇಲ್ ಕೂಡ ಬರತ್ತೆ. ಅಲ್ಲಿರೋ ನಮ್ಮೋರ ಮನೆಗೆ ತರಿಸಿಟ್ಟು, ಅವರು ಊರಿಗೆ ಬರೋವಾಗ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರೋದೇ ಇಲ್ಲಿನವರ ರಾಜಮಾರ್ಗ. ಕೊರಿಯರಲ್ಲಿ ತರಿಸಿದ್ರೆ ಶಿಪ್ಪಿಂಗ್, ಕಸ್ಟಮ್ಸ್ ಸೇರಿ ಡಿಸ್ಕಿನ ರೇಟಿಗೂ ಕೈಗೆ ಬರೋ ರೇಟಿಗೂ ಸಂಬಂಧವೇ ಇರಲ್ಲ, ಒಂದೊಂದೇ ತರಿಸೋ ಬದಲು ಕೂಡಿಸಿ ತರಿಸಿ.

ಜಪಾನಿನ ಸೆಕೆಂಡ್ ಹ್ಯಾಂಡ್ ಬೇಕಿದ್ರೆ ಬಯ್ಯೀ, ಝೆನ್‌ಮಾರ್ಕೆಟ್ ತರದ ನಮ್ಮ ಪರವಾಗಿ ಕೊಂಡುಕೊಡೋ ಪ್ರಾಕ್ಸಿ ಸರ್ವೀಸ್ ಮೂಲಕ ಅಲ್ಲಿನ ಹರಾಜು ಸೈಟಲ್ಲಿ ಬಿಡ್ ಮಾಡಬಹುದು. ಅಲ್ಲಿ ವಿವರಣೇನ ಟ್ರಾನ್ಸ್‌ಲೇಟ್ ಮಾಡಿ ಎರಡು ವಿಷಯ ಹುಡುಕಿ. ರೆಂಟಲ್ ಓಚಿ ಅಂತಿದ್ರೆ ಬಾಡಿಗೆ ಅಂಗಡೀಲಿ ಸವೆದು ಬಂದಿರೋ ಡಿಸ್ಕು, ಸ್ಟಿಕ್ಕರ್ ಎಲ್ಲಾ ಅಂಟಿಸಿರ್ತಾರೆ. ಜಂಕ್ ಅಂತಿದ್ರೆ ಓಡತ್ತೋ ಇಲ್ವೋ ಮಾರೋನ ಜವಾಬ್ದಾರಿ ಅಲ್ಲ, ವಾಪಸ್ ಇಲ್ಲ. ಓಬಿ ಇದೆಯಾ, ಒಳಗಿನ ಬುಕ್ಲೆಟ್ ಇದೆಯಾ ಅಂತ ಫೋಟೋದಲ್ಲಿ ನೋಡ್ಕೊಳ್ಳಿ, ಮುಂದೆ ಮಾರೋ ಯೋಚನೆ ಇದ್ರೆ ಆ ಪೇಪರ್ ಪಟ್ಟಿಗೂ ಬೆಲೆ ಇದೆ. ಅಲ್ಲಿ 500 ಯೆನ್ನಿಗೆಲ್ಲಾ ಹಳೇ ಸಿನಿಮಾ ಡಿವಿಡಿ ಕಾಣತ್ತೆ, ಹಕ್ಕಿಲ್ದೇ ಮಾಡಿದ್ದಿರಬಹುದು, ಬೇಡ. ಈ ತರದ ಕುರೊಸಾವ ಡಿವಿಡಿಗಳ ಮೇಲೆ ತೋಹೊ ಕೇಸ್ ಹಾಕಿ 2007ರಲ್ಲಿ ಟೋಕಿಯೋ ಕೋರ್ಟಲ್ಲಿ ಗೆದ್ದಿದೆ.

ಕಳ್ಳ ಪ್ರಿಂಟ್ ಗುರುತಿಸೋದು ಹೇಗೆ? ಡಿಸ್ಕ್ ಉಲ್ಟಾ ಮಾಡಿ ದೀಪದ ಕೆಳಗೆ ಓರೆಯಾಗಿ ಹಿಡಿರಿ. ಫ್ಯಾಕ್ಟರೀಲಿ ಒತ್ತಿದ ಡಿವಿಡಿ ಬೆಳ್ಳಿ ಅಥವಾ ತೆಳು ಚಿನ್ನದ ಬಣ್ಣ ಹೊಡೆಯತ್ತೆ, ಮನೇಲಿ ಬರ್ನ್ ಮಾಡಿದ್ದು ನೇರಳೆ. ನಡುವಿನ ತೂತಿನ ಸುತ್ತ ಇರೋ ಉಂಗುರದಲ್ಲಿ ಐಎಫ್‌ಪಿಐ ಅಂತ ಕಣ್ಣಿಗೆ ಕಾಣೋದೇ ಕಷ್ಟ ಅನ್ನೋ ಅಕ್ಷರ, ಪಕ್ಕದಲ್ಲಿ ಒಂದು ಕೋಡ್ ಕೆತ್ತಿರ್ತಾರೆ, ಅಸಲಿ ಡಿಸ್ಕಲ್ಲಿ ಸಾಮಾನ್ಯವಾಗಿ ಇರತ್ತೆ. ಕವರ್ ಮೇಲೆ ಸ್ಪೆಲ್ಲಿಂಗ್ ತಪ್ಪು, ಆಲ್ ರೀಜನ್ ಅಂತ ದೊಡ್ಡ ಅಕ್ಷರ, ಹತ್ತಿಪ್ಪತ್ತು ಸಿನಿಮಾ ಎರಡ್ಮೂರು ಡಿಸ್ಕಲ್ಲಿ ತುರುಕಿರೋದು, ಇಷ್ಟು ಕಂಡ್ರೆ ಓಡಿಹೋಗಿ.

ತಂದ ಮೇಲೆ ಇಡೋದು. ಗಾಡ್ಜಿಲ್ಲಾ ಬಾಕ್ಸ್ ದೊಡ್ಡ ಪುಸ್ತಕದ ಆಕಾರದ್ದು, ಮಾಮೂಲಿ ಶೆಲ್ಫಲ್ಲಿ ನಿಲ್ಲಲ್ಲ, ಡಿಸ್ಕುಗಳನ್ನ ಕಾಗದದ ಪುಟದ ಸೀಳಿಂದ ಎಳೀಬೇಕು, ಎಳೆದ್ರೆ ಗೀರು ಬೀಳೋ ಚಾನ್ಸ್ ಜಾಸ್ತಿ. ಬಹಳ ಜನ ಡಿಸ್ಕುಗಳನ್ನ ಬೇರೆ ಪ್ಲಾಸ್ಟಿಕ್ ಕೇಸಿಗೆ ಹಾಕಿ ಪುಸ್ತಕನ ಹಾಗೇ ಇಟ್ಬಿಡ್ತಾರೆ, ನಾನೂ ಅದೇ ಹೇಳೋದು. ಮಲೆನಾಡು, ಮಂಗಳೂರು ಕಡೆಯವರಿಗೆ ಮಳೆಗಾಲದಲ್ಲಿ ಡಿಸ್ಕಿಗಿಂತ ಕಾಗದದ್ದೇ ಚಿಂತೆ, ಬುಕ್ಲೆಟ್ಟಿಗೆ ಬೂಷ್ಟು ಹಿಡಿಯತ್ತೆ, ಡಿಜಿಪ್ಯಾಕ್ (ರಟ್ಟಿನ ಕೇಸು) ಅಂಟು ಬಿಡತ್ತೆ. ಗೋಡೆಗೆ ತಾಗದ ಹಾಗೆ ಮುಚ್ಚಿದ ಬೀರುವಲ್ಲಿ ಸಿಲಿಕಾ ಜೆಲ್ ಹಾಕಿಡಿ, ಆಗಾಗ ಪೊಟ್ಟಣ ಬದಲಾಯಿಸಿ. ಹಳೇ ಲೇಸರ್‌ಡಿಸ್ಕ್ ತಗೊಳ್ಳೋ ಆಸೆ ಇದ್ರೆ ಕವರ್ ಚಿತ್ರಕ್ಕೆ ಅಂತ ತಗೊಳ್ಳಿ, ಒಳಗಿನ ಅಲ್ಯೂಮಿನಿಯಂ ಪದರಕ್ಕೆ ಗಾಳಿ ಹೊಕ್ಕು ಕೊಳೆಯೋದು ಅದರಲ್ಲಿ ಮಾಮೂಲು.

ಮೊದಲು ಯಾವುದು ಅಂತ ಕೇಳೋರಿಗೆ: 4ಕೆ ಪ್ಲೇಯರ್ ಇದ್ರೆ 2024ರಲ್ಲಿ ಬಂದ ಸೆವೆನ್ ಸಮುರಾಯ್ 4ಕೆ, ಕ್ರೈಟೀರಿಯನ್ನೂ ಬಿಎಫ್‌ಐನೂ ಎರಡೂ ಬಿಟ್ಟಿದ್ದಾರೆ, ಕಮ್ಮಿಗೆ ಸಿಕ್ಕಿದ್ದು ತಗೊಳ್ಳಿ. ರೀಜನ್-ಫ್ರೀ ಬ್ಲೂ-ರೇ ಮಾತ್ರ ಇದ್ರೆ 183 ನಿಮಿಷದ ಕ್ವೈದಾನ್, ಆಮೇಲೆ ಗುಡ್ ಮಾರ್ನಿಂಗ್. ಗಾಡ್ಜಿಲ್ಲಾ ಬಾಕ್ಸ್ ಮಕ್ಕಳಿರೋ ಮನೆಗೆ ಬೇಡ, ಆ ಪುಟಗಳಿಂದ ಡಿಸ್ಕ್ ಎಳೆಯೋದು ಮೊದಲು ಅವರೇ.