ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ ಬಿಚ್ಚಿ ಕೂಡಿಸುವ ಬಗೆ

ಹಳೆಯ ರ‍್ಯಾಲಿ ಸೈಕಲ್ ಬಂದು ‘ಗೇರು ಜಾರುತ್ತಿದೆ’ ಅಂದರೆ ನಾನು ಮೊದಲು ಮುಟ್ಟುವುದು ಕೇಬಲ್ಲನ್ನು. ನಾಟಿಂಗ್‌ಹ್ಯಾಮ್‌ನ ಎಡಬ್ಲ್ಯೂ ಎಂಬ, ಹಿಂದಿನ ಗಾಲಿಯ ನಡುವೆ ಕೂರುವ ಈ ಮೂರು ಗೇರಿನ ಹಬ್‌ನಲ್ಲಿ ಎರಡನೆಯ ಗೇರಿಗೂ ಮೂರನೆಯದಕ್ಕೂ ನಡುವೆ ಏನೂ ಕಚ್ಚದ ಒಂದು ಜಾಗವಿದೆ. ಎರಡರಲ್ಲಿದ್ದಾಗ ಕೇಬಲ್ ಸಡಿಲಾದರೆ ಗೇರು ಬದಲಿಸುವ ಕ್ಲಚ್ ಅಲ್ಲಿ ನಿಂತುಬಿಡುತ್ತದೆ, ಪೆಡಲ್ ಗಾಳಿಗೆ ತಿರುಗುತ್ತದೆ. ಎದ್ದು ನಿಂತು ತುಳಿಯುತ್ತಿದ್ದರೆ ಮೊಣಕಾಲು ಗ್ಯಾರಂಟಿ ಪೆಟ್ಟು ತಿನ್ನುತ್ತದೆ. ಲಿವರನ್ನು ‘ಎನ್’ಗೆ (ನಾರ್ಮಲ್, ಅಂದರೆ ಎರಡನೆಯ ಗೇರು) ಇಟ್ಟು ಬಲಗಡೆ ನಟ್ಟಿನ ಕಿಂಡಿಯಲ್ಲಿ ಇಣುಕಿ: ಸಣ್ಣ ಚೈನು ಸಿಕ್ಕಿಸಿರುವ ಕಡ್ಡಿಯ ತುದಿ ಆಕ್ಸಲ್ ತುದಿಗೆ ಸಮವಾಗಿರಬೇಕು.

ಇಷ್ಟಕ್ಕೂ ಸರಿಹೋಗದಿದ್ದರೆ ಮಾತ್ರ ಬಿಚ್ಚುತ್ತೇನೆ. ಎಡಗಡೆ ಲಾಕ್‌ನಟ್, ಕೋನ್ (ಬೇರಿಂಗ್ ಗುಂಡುಗಳನ್ನು ಹಿಡಿಯುವ ನಟ್) ತೆಗೆದ ಮೇಲೆ ಬಲಗಡೆ ಬಾಲ್ ರಿಂಗ್, ಒಳಗಿನ ಗೇರುಗಳನ್ನು ಶೆಲ್ಲಿನಲ್ಲಿ (ಹಬ್ಬಿನ ಹೊರಚಿಪ್ಪು) ಹಿಡಿದಿಡುವ ಬಳೆ. ತುಳಿದಷ್ಟೂ ಬಿಗಿಯಾಗುವ ಭಾಗವಿದು, ಬರಿಗೈಗೆ ಬಗ್ಗುವುದಿಲ್ಲ. ಅದರ ಕಚ್ಚಿಗೆ ಪಂಚ್ ಕೊಟ್ಟು ಸುತ್ತಿಗೆಯಿಂದ ಎಡಕ್ಕೆ ಹೊಡೆಯಬೇಕು. ಹೊಡೆಯುವ ಮುಂಚೆ ರಿಂಗ್‌ಗೂ ಶೆಲ್‌ಗೂ ಒಂದು ಗೀಟು ಎಳೆಯಿರಿ. ಇದರ ಥ್ರೆಡ್ಡಿಗೆ ಎರಡು ಶುರು, ಅಂದರೆ ಎರಡು ಜಾಗದಿಂದ ಸುತ್ತಿಕೊಳ್ಳಬಲ್ಲದು. ತಪ್ಪಾದ ಶುರುವಿಗೆ ಕೂಡಿಸಿದರೆ ರಿಮ್ ನಡುವಿನಿಂದ ಸರಿಯುತ್ತದೆ, ಆಮೇಲೆ ಗಾಲಿಯ ಕಡ್ಡಿಗಳನ್ನು ಬಿಗಿ ಮಾಡುತ್ತಾ ಕೂರಬೇಕಾಗುತ್ತದೆ. ಹಿಂದಿನ ಗಾಲಿಗೆ 40 ಕಡ್ಡಿ; ನಮ್ಮ ಕರಿ ಸೈಕಲ್ಲುಗಳ, ಹಿಂದೆ 40 ಮುಂದೆ 32ರ ಲೆಕ್ಕವೂ ಆ ಇಂಗ್ಲಿಷ್ ರೋಡ್‌ಸ್ಟರಿನದೇ.

ಒಳಗಿನದೆಲ್ಲ ಒಂದೇ ಗೊಂಚಲಾಗಿ ಹೊರಬರುತ್ತದೆ. ನಡುವೆ 20 ಹಲ್ಲಿನ ಸನ್ ಗೇರು, ಸುತ್ತ 20 ಹಲ್ಲಿನ ನಾಲ್ಕು ಮರಿ ಗೇರು, ಹೊರಗೆ 60 ಹಲ್ಲಿನ ರಿಂಗ್. ಇದೇ ಹಲ್ಲಿನ ಲೆಕ್ಕದಿಂದ ಒಂದನೆಯದು ನೇರ ಗೇರಿನ (ಎರಡನೆಯದು) ಶೇ. 75, ಮೂರನೆಯದು ಶೇ. 133. ಸೀಮೆಎಣ್ಣೆಯಲ್ಲಿ ನೆನೆಹಾಕಿ ಬ್ರಷ್ಷಿನಿಂದ ತಿಕ್ಕಿದರೆ ಕಂದು ಅಂಟು ಕರಗುತ್ತದೆ. ಸಾಮಾನ್ಯವಾಗಿ ರೋಗ ಇದೇ: ಎಣ್ಣೆ ಒಣಗಿ ಪಾಲ್ (ಒಂದೇ ದಿಕ್ಕಿಗೆ ಕಚ್ಚುವ ಸಣ್ಣ ನಾಲಗೆ) ಮೇಲೇಳುವುದಿಲ್ಲ. ಪಾಲ್ ಸ್ಪ್ರಿಂಗ್ ಕೂದಲಿನಷ್ಟು ಸಣ್ಣ ತಂತಿ, ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ಮೂರರಲ್ಲಿ ಮಾತ್ರ ಜಾರುತ್ತಿದ್ದರೆ ಶಿಲುಬೆಯಾಕಾರದ ಕ್ಲಚ್ಚಿನ ಮೂಲೆಗಳನ್ನೂ ಮರಿ ಗೇರಿನ ಪಿನ್ನುಗಳ ತುದಿಯನ್ನೂ ಬೆರಳಲ್ಲಿ ಸವರಿ ನೋಡಿ. ದುಂಡಗಾಗಿದ್ದರೆ ಬದಲಿಸಬೇಕು, ಅರದಲ್ಲಿ ಉಜ್ಜಿ ಚೂಪು ಮಾಡಿದ್ದು ತಿಂಗಳೂ ಬಾಳುವುದಿಲ್ಲ.

ಕೂಡಿಸುವಾಗ ಗ್ರೀಸ್ ಬೇರಿಂಗ್‌ಗೆ ಮಾತ್ರ. ಪಾಲ್‌ಗೆ ತಗುಲಿದರೆ ಮತ್ತದೇ ಅಂಟು. ಬಲಗಡೆ ಕೋನ್ ಬೆರಳಲ್ಲಿ ಬಿಗಿ ಮಾಡಿ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಲಾಕ್ ಮಾಡಿ. ಅದನ್ನು ಮತ್ತೆ ಮುಟ್ಟಬೇಡಿ. ಉಳಿದ ಹೊಂದಾಣಿಕೆಯೆಲ್ಲ ಎಡಗಡೆಯಿಂದ, ರಿಮ್ಮಿನಲ್ಲಿ ಚೂರೇ ಚೂರು ಆಟ ಉಳಿಯುವ ಹಾಗೆ. ಆಕ್ಸಲ್ 13/32 ಇಂಚು, ಇಂಚಿಗೆ 26 ಥ್ರೆಡ್. ಪೇಟೆಯ 10 ಮಿ.ಮೀ. ನಟ್ ಹತ್ತಿಸಲು ಹೋದರೆ ಥ್ರೆಡ್ ಕೆಡುತ್ತದೆ.

ಕೊನೆಗೆ ಶೆಲ್ಲಿನ ಎಣ್ಣೆ ಮೂತಿಯಿಂದ ಎರಡು ಟೀ ಚಮಚ ತೆಳು ಎಣ್ಣೆ, ಎಸ್‌ಎಇ 20. ಶೆಲ್ಲಿನ ಮೇಲೆ ‘62 9’ ಅಂತ ಇದ್ದರೆ ಅದು 1962ರ ಸೆಪ್ಟೆಂಬರಿನದು. ಓಡಿಸಿ ಕೇಳಿ: ಒಂದನೆಯ ಗೇರು ಮೌನ, ಎರಡರಲ್ಲಿ ನಿಧಾನ ಟಿಕ್ ಟಿಕ್, ಮೂರರಲ್ಲಿ ಚುರುಕು.