ಸಬ್‌ಟ್ರಿಮ್ ಬಿಟ್ಟು ಹಾರ್ನ್ ಬಿಚ್ಚಿದೆ: ಸ್ವಾಶ್‌ಪ್ಲೇಟ್ ಮಟ್ಟಕ್ಕೆ ಬಂದದ್ದು ಹೀಗೆ

ನನ್ನದು ಫ್ಲೈಬಾರ್ (ರೋಟರನ್ನು ಸ್ಥಿರವಾಗಿಡುವ ಅಡ್ಡ ಕಡ್ಡಿ) ಇರುವ ಆರ್‌ಸಿ, ಅಂದರೆ ರಿಮೋಟ್‌ನಲ್ಲಿ ಹಾರಿಸುವ ಹೆಲಿಕಾಪ್ಟರ್. ರೋಟರ್ ಕೆಳಗೆ ಶಾಫ್ಟಿನ ಸುತ್ತ ಕೂತು ಬ್ಲೇಡ್‌ಗಳ ಕೋನ ಬದಲಿಸುವ ತಟ್ಟೆಯೇ ಸ್ವಾಶ್‌ಪ್ಲೇಟ್. ಅದನ್ನು ಎತ್ತಿ ಇಳಿಸಲು 120 ಡಿಗ್ರಿ ಅಂತರದಲ್ಲಿ ಮೂರು ಸರ್ವೋ, ಅಂದರೆ ಪುಟ್ಟ ಮೋಟರ್‌ಗಳು. ನೆಲ ಬಿಟ್ಟ ಕೂಡಲೇ ಅದು ಮುಂದಕ್ಕೆ ಓಡುತ್ತಿತ್ತು. ಟ್ರಾನ್ಸ್‌ಮಿಟರ್‌ನಲ್ಲಿ ಟ್ರಿಮ್ (ಸಣ್ಣ ತಿದ್ದುಪಡಿಯ ಗುಂಡಿ) ಕೊಟ್ಟು ಸರಿ ಮಾಡಿದರೆ, ಪಿಚ್ (ಬ್ಲೇಡ್‌ಗಳ ಕೋನ) ಜಾಸ್ತಿ ಮಾಡಿದಾಗ ಮತ್ತೆ ಇನ್ನೊಂದು ಕಡೆ ಎಳೆಯುತ್ತಿತ್ತು. ವಾರಗಟ್ಟಲೆ ಟ್ರಿಮ್ ಒತ್ತಿದ್ದೇ ಬಂತು.

ಕೊನೆಗೆ ಒಂದು ದಿನ ಟ್ರಿಮ್, ಸಬ್‌ಟ್ರಿಮ್ (ಪ್ರತಿ ಸರ್ವೋದ ನಡು ಜಾಗ ಸರಿಸುವ ಸೆಟ್ಟಿಂಗ್) ಎಲ್ಲಾ ಸೊನ್ನೆಗೆ ತಂದು ಮೊದಲಿನಿಂದ ಶುರು ಮಾಡಿದೆ. ಮೋಟರ್‌ನ ಮೂರೂ ವೈರ್ ಕಳಚಿಟ್ಟೆ. ಇದನ್ನು ಮಾತ್ರ ಯಾವತ್ತೂ ಬಿಡಬೇಡಿ, ಬ್ಲೇಡ್ ತಿರುಗಿದರೆ ಕೈ ಉಳಿಯುವುದಿಲ್ಲ. ಪಿಚ್ ಸ್ಟಿಕ್ ನಡುವೆ ನಿಲ್ಲಿಸಿ, ಪ್ರತಿ ಹಾರ್ನಿಗೂ (ಸರ್ವೋ ಮೇಲೆ ಕೂರುವ ತೋಳು) ಒಂದು ಪುಟ್ಟ ಮೂಲೆಮಟ್ಟ ಹಿಡಿದು ನೋಡಿದೆ. ಹಾರ್ನ್ ಮತ್ತು ಅದನ್ನು ಪ್ಲೇಟಿಗೆ ಜೋಡಿಸುವ ಲಿಂಕ್ ಕಡ್ಡಿ 90 ಡಿಗ್ರಿಯಲ್ಲಿ ಕೂಡಬೇಕು. ಹಿಂದಿನ ಸರ್ವೋದ ಹಾರ್ನ್ ಕಣ್ಣಿಗೆ ಕಾಣುವಷ್ಟು ಓರೆ ಇತ್ತು. ಅದನ್ನೇ ನಾನು ಸಬ್‌ಟ್ರಿಮ್‌ನಲ್ಲಿ ಮುಚ್ಚಿಟ್ಟಿದ್ದೆ.

ಹಾರ್ನ್ ಬಿಚ್ಚಿ ಒಂದು ಹಲ್ಲು ಆಚೆ ಕೂರಿಸಿದರೆ ಈಗ ಇನ್ನೊಂದು ಕಡೆಗೆ ಓರೆ! ನನ್ನ ಸರ್ವೋಗಳಲ್ಲಿ ಹಾರ್ನ್ ಕೂರುವ ಶಾಫ್ಟಿಗೆ 25 ಹಲ್ಲು. ಅಂದರೆ ಒಂದು ಹಲ್ಲಿಗೆ 14.4 ಡಿಗ್ರಿ, ತೀರಾ ದೊಡ್ಡ ಹೆಜ್ಜೆ. ಆಗ ನಾಲ್ಕು ತೋಳಿನ ಹಾರ್ನ್ ತೆಗೆದುಕೊಂಡೆ. 25 ನಾಲ್ಕರಿಂದ ಭಾಗವಾಗುವುದಿಲ್ಲ, ಅಲ್ವಾ? ಹಾಗಾಗಿ ಪ್ರತಿ ತೋಳೂ ಹಲ್ಲಿಗೆ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ನಾಲ್ಕನ್ನೂ ಒಂದೊಂದಾಗಿ ಹಾಕಿ ನೋಡಿದರೆ ಹೆಜ್ಜೆ 3.6 ಡಿಗ್ರಿಗೆ ಇಳಿಯುತ್ತದೆ. ಮೂರನೇ ತೋಳು ಹೆಚ್ಚುಕಡಿಮೆ ನೇರ ಕೂತಿತು. ಉಳಿದ ಮೂರನ್ನು ಕತ್ತರಿಸಿದೆ. ಆಮೇಲೆ ಬೇಕಾದ ಸಬ್‌ಟ್ರಿಮ್ ತೀರಾ ಕಡಿಮೆ.

ಇಷ್ಟೆಲ್ಲಾ ಯಾಕೆ ಅಂದರೆ, ಹಾರ್ನ್ ತಿರುಗುವುದು ವೃತ್ತದಲ್ಲಿ. ಓರೆಯಿಂದ ಹೊರಟರೆ ಮೇಲೆ ಹೋಗುವ ದೂರವೂ ಕೆಳಗೆ ಬರುವ ದೂರವೂ ಒಂದೇ ಆಗುವುದಿಲ್ಲ. ಪಿಚ್ ಕೊಟ್ಟಾಗ ಮೂರು ಸರ್ವೋಗಳೂ ಒಂದೇ ಅಳತೆ ಏರಬೇಕು. ಒಂದು ಹಿಂದೆ ಬಿದ್ದರೂ ಪ್ಲೇಟ್ ವಾಲುತ್ತದೆ. ಪ್ಲೇಟ್ ವಾಲಿದ ಕಡೆಗೆ ಹೆಲಿಕಾಪ್ಟರ್ ಓಡುತ್ತದೆ.

ಮುಂದಿನದು ಲಿಂಕ್ ಉದ್ದ. ರೋಟರ್ ಹೆಡ್ ತೆಗೆದು, ಮೇನ್ ಶಾಫ್ಟಿಗೆ, ಪ್ಲೇಟ್ ಮಟ್ಟ ಇದೆಯೇ ತೋರಿಸುವ ಲೆವೆಲಿಂಗ್ ಟೂಲ್ ಇಳಿಸಿದೆ. ಎರಡು ಕಡೆ ತಾಗಿ, ಹಿಂದುಗಡೆ ಕಾಗದ ತೂರುವಷ್ಟು ಸಂದು ಉಳಿಯಿತು. 2 ಎಂಎಂ ಕಡ್ಡಿಯಲ್ಲಿ ಲಿಂಕ್ ಒಂದು ಸುತ್ತು ತಿರುಗಿದರೆ 0.4 ಎಂಎಂ ಸರಿಯುತ್ತದೆ. ಅರ್ಧ ಸುತ್ತು ಸಾಕಾಯಿತು.

ಆದರೂ ಒಂದು ವಿಚಿತ್ರ. ಸ್ಟಿಕ್ಕನ್ನು ಮೇಲಿನಿಂದ ನಡುವಿಗೆ ತಂದರೆ ಮಟ್ಟ, ಕೆಳಗಿನಿಂದ ತಂದರೆ ಸಂದು. ಲಿಂಕ್ ಕಳಚಿ ಬೆರಳಲ್ಲಿ ತಿರುಗಿಸಿ ನೋಡಿದೆ. ಒಂದು ಬಾಲ್ (ಲಿಂಕ್ ಸಿಕ್ಕಿಕೊಳ್ಳುವ ಗುಂಡು) ಮೇಲೆ ಅದು ಬಿಗಿ ಹಿಡಿದಿತ್ತು. ಇಕ್ಕಳದಿಂದ ಸುಮ್ನೆ ಮೆಲ್ಲಗೆ ಒತ್ತಿದ ಮೇಲೆ ಸಲೀಸಾಗಿ ಆಡಿತು, ಸಂದೂ ಹೋಯಿತು. ಇದನ್ನು ನೋಡದೆ ಲಿಂಕ್ ತಿರುಗಿಸುತ್ತಾ ಕೂತಿದ್ದರೆ ದಿನವೇ ಹೋಗುತ್ತಿತ್ತು.

ಕೊನೆಗೆ ಸ್ಟಿಕ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ. ಎರಡೂ ಕಡೆ ಟೂಲ್ ಇಟ್ಟು, ಹಿಂದೆ ಬಿದ್ದ ಸರ್ವೋದ ಎಂಡ್‌ಪಾಯಿಂಟ್ (ಅದು ಎಷ್ಟು ದೂರ ಹೋಗಬೇಕೆಂಬ ಮಿತಿ) ಮಾತ್ರ ಸ್ವಲ್ಪ ಹೆಚ್ಚಿಸಿದೆ. ಹೆಡ್ ಹಾಕಿ, ಪಿಚ್ ಗೇಜಿನಲ್ಲಿ ನಡುವೆ 0 ಡಿಗ್ರಿ ಇದೆಯೇ ನೋಡಿಕೊಂಡೆ. ನಿಮ್ಮದು ಫ್ಲೈಬಾರ್‌ಲೆಸ್ (ಫ್ಲೈಬಾರ್ ಬದಲು ಎಲೆಕ್ಟ್ರಾನಿಕ್ ಯೂನಿಟ್ ಇರುವಂಥದ್ದು) ಆದರೆ ಸಬ್‌ಟ್ರಿಮ್ಮನ್ನು ಅದರ ಯೂನಿಟ್‌ನಲ್ಲೇ ಕೊಡಿ, ಟ್ರಾನ್ಸ್‌ಮಿಟರ್‌ನಲ್ಲಿ ಬೇಡ.

ಮಾರನೇ ದಿನ ಗಾಳಿ ಇಲ್ಲದ ಹೊತ್ತಿನಲ್ಲಿ ಎತ್ತಿದೆ. ಮುಂದಕ್ಕೆ ಓಡುವುದು ನಿಂತಿತ್ತು. ಪಿಚ್ ಕೊಟ್ಟರೆ ನೆಟ್ಟಗೆ ಏರಿತು. ಪಕ್ಕಕ್ಕೆ ಒಂಚೂರು ವಾಲು ಉಳಿದಿದೆ. ಅದು ಬಾಲದ ರೋಟರ್ ತಳ್ಳುವುದರಿಂದ ಬರುವಂಥದ್ದು, ಅದಕ್ಕಾಗಿ ಸ್ವಾಶ್‌ಪ್ಲೇಟ್ ಮುಟ್ಟಲಿಲ್ಲ.